ಒರತೆ ಬತ್ತುವುದೆಲ್ಲಿ?

(ಜುಮಾ ಖುತ್ಬಾದ ಸಂಗ್ರಹ)



ಕವಿತೆ ಕಟ್ಟುವ ಶಕ್ತಿ ಅಲ್ಲಾಹನ ಕೊಡುಗೆ. ಪ್ರವಾದಿ(ಸ)ರು ತಮ್ಮ ಮಸೀದಿಯಲ್ಲೇ ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗೆ ಮಿಂಬರ್ ಇರಿಸಿಕೊಟ್ಟರು, ಜಿಬ್ರೀಲ್(ಅ)ರ ಮೂಲಕ ಅವರಿಗೆ ಬಲ ಸಿಗಲೆಂದು ಪ್ರಾರ್ಥಿಸಿದರು. ಇದು ನಮಗೆ ಗೊತ್ತು. ಕೊಟ್ಟ ಕೊಡುಗೆ ಬತ್ತುವುದೇಕೆ ಎಂದು ಯೋಚಿಸುವವರು ಕಡಿಮೆ.

ಹಾಗೆ ಯೋಚಿಸಿದವರಲ್ಲೊಬ್ಬರು ಇಬ್ನ್ ಖಲ್ದೂನ್. 1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿ, ಆಸ್ಥಾನಗಳಲ್ಲಿ ದುಡಿದು, ಪಿತೂರಿಗಳಿಗೆ ಸಿಕ್ಕಿ ಸೆರೆಮನೆಯನ್ನೂ ಕಂಡವರು. ಕೊನೆಗೆ ಎಲ್ಲ ಬಿಟ್ಟು ಇಂದಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ಕುಳಿತರು. 1377ರಲ್ಲಿ ಅಲ್ಲಿ ಐದೇ ತಿಂಗಳಲ್ಲಿ ‘ಮುಕದ್ದಿಮಾ’ದ ಕರಡು ಮುಗಿಯಿತು. ಕಡೆಯುವ ಗಡಿಗೆಗೆ ಹಾಲು ಸುರಿದಂತೆ ಮಾತು, ವಿಚಾರಗಳು ಸುರಿದವು ಎಂಬರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಏಕಾಂತ ಸಿಕ್ಕಿದ್ದರಿಂದ ಬೆಣ್ಣೆ ಬಂತು, ನಿಜ. ಆದರೆ ಹಾಲು ಕೂಡಿದ್ದು ಅದಕ್ಕೆ ಮೊದಲಿನ ಓದು, ಅಲೆದಾಟ, ಸಂಕಟಗಳಲ್ಲಿ. ಖಾಲಿ ಗಡಿಗೆ ಕಡೆದರೆ ಸದ್ದು ಮಾತ್ರ.

ಕವಿಗೆ ಅವರು ಕೊಡುವ ಸಲಹೆಯೂ ಹಾಗೆಯೇ ಇದೆ. ಒಳ್ಳೆಯ ಕಾವ್ಯವನ್ನು ಬಾಯಿಪಾಠ ಮಾಡಬೇಕು, ಆಮೇಲೆ ಮರೆಯಬೇಕು. ನಿದ್ದೆಯಿಂದೆದ್ದ ಮುಂಜಾವು, ಹೊಟ್ಟೆ ಹಗುರವಾಗಿರುವ ಹೊತ್ತು ಬರೆಯಲು ಒಳ್ಳೆಯದು. ಬಾರದಿದ್ದರೆ ಮನಸ್ಸನ್ನು ಹಿಂಸಿಸದೆ ಬಿಟ್ಟುಬಿಡಬೇಕು. ಫಜ್ರ್‌ಗೆ ಎದ್ದವರಿಗೆ ಆ ಹೊತ್ತು ತಾನಾಗಿಯೇ ಸಿಗುತ್ತದೆ. ಸಲಾಮ್ ಹೇಳಿದ ಕೂಡಲೇ ನಾವದನ್ನು ಮೊಬೈಲಿಗೆ ಒಪ್ಪಿಸುತ್ತೇವೆ, ಅದು ಬೇರೆ ಮಾತು.

ಇಂಥ ವಿದ್ವಾಂಸರಿಗೇ ಕವಿತೆ ಸಲೀಸಾಗಿ ಬರುತ್ತಿರಲಿಲ್ಲ! ಗ್ರಾನಡಾದ ಮಂತ್ರಿ, ಗೆಳೆಯ ಇಬ್ನುಲ್ ಖತೀಬ್‌ರೊಡನೆ ಅವರಿದನ್ನು ತೋಡಿಕೊಂಡರು. ಪದ್ಯರೂಪದ ಪಠ್ಯಗಳನ್ನೂ ಫಿಕ್‌ಹ್ ಗ್ರಂಥಗಳನ್ನೂ ಬಾಯಿಪಾಠ ಮಾಡಿದ್ದೇ ಕಾರಣವಿರಬೇಕೆಂದರು. ಆ ವಿದ್ಯೆಗಳನ್ನು ಅವರು ಕೀಳೆಂದು ಬಗೆದವರಲ್ಲ. ಮುಂದೆ ಕೈರೋದಲ್ಲಿ ಕಾಝಿಯಾದವರು. ನಾಲಿಗೆಗೆ ಯಾವ ರುಚಿ ಹತ್ತಿಸುತ್ತೇವೋ ಅದೇ ಹೊರಬರುತ್ತದೆ ಎಂದಷ್ಟೇ ಅವರ ಭಾವ.

ತಂದೆಯಂದಿರೇ, ಪಿಯುಸಿ ಓದುವ ಮಗಳ ನೋಟ್ಸಿನ ಕೊನೆಯ ಪುಟದಲ್ಲಿ ನಾಲ್ಕು ಸಾಲು ಕವಿತೆ ಕಂಡರೆ ನೀವೇನು ಮಾಡುತ್ತೀರಿ? ಪುಟ ಹರಿದವರನ್ನು ನಾನು ಬಲ್ಲೆ. ಮಾರ್ಕ್ಸ್ ಬೇಕು, ಫೀಸ್ ಕಟ್ಟುವ ಕಷ್ಟ ನನಗೂ ಗೊತ್ತು. ಆದರೆ ಆ ಮಗು ಮತ್ತೆ ನಿಮಗೆ ಏನನ್ನೂ ತೋರಿಸುವುದಿಲ್ಲ, ಕವಿತೆಯನ್ನಷ್ಟೇ ಅಲ್ಲ.

ಭಾನುವಾರ ಅಸ್ರ್ ಬಳಿಕ ಮದ್ರಸದಲ್ಲಿ ಮಕ್ಕಳು ತಾವು ಬರೆದದ್ದನ್ನು ಓದಲಿದ್ದಾರೆ. ಹಿರಿಯರು ಬನ್ನಿ. ತಿದ್ದಲು ಬೇಡ, ಕೇಳಲು.