ಚಪ್ಪಟೆ ಪಾದ: ಹೆದರಬೇಕಾದ್ದು ಯಾವುದು, ಹೆದರಬಾರದ್ದು ಯಾವುದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ. ಡಾಕ್ಟರ ಮುಂದೆ ನಿಂತು ಕಾಲಿನ ವಿಚಾರ ಮಾತಾಡೋದು ಅಧಿಕಪ್ರಸಂಗ ಅನ್ನಿಸಬಹುದು. ಹಸು, ಹಿಂಡಿ, ಹಾಲಿನ ದರ ಇದರ ಬಗ್ಗೆ ಮಾತಾಡಪ್ಪ ಅಂತ ಕೆಲವರು ಹೇಳಿದರು. ಆದರೆ ಪಾದದ ವಿಚಾರದಲ್ಲಿ ನಮ್ಮ ಮನೆಯಲ್ಲಿ ಎರಡು ತಪ್ಪು ಆಗಿವೆ. ಹೆದರಬಾರದ್ದಕ್ಕೆ ಇಪ್ಪತ್ತು ವರ್ಷ ಹೆದರಿದೆವು. ಹೆದರಬೇಕಾದ್ದನ್ನು ಎಂಟು ತಿಂಗಳು ಕಡೆಗಣಿಸಿದೆವು. ಇದು ನಿಮ್ಮ ಮನೆಯಲ್ಲಿ ಆಗಬಾರದು ಅಂತ ನಾಲ್ಕು ಮಾತು ಹೇಳುತ್ತೇನೆ.

ಬೆಳಿಗ್ಗೆ ಡೈರಿ ಮುಂದೆ ಕ್ಯಾನು ತೊಳೆದ ನೀರಲ್ಲಿ ಕಾಲಿಟ್ಟು, ಒಣ ಸಿಮೆಂಟ್ ನೆಲದ ಮೇಲೆ ನಡೆದು ನೋಡಿ. ಬಹಳ ಜನರ ಹೆಜ್ಜೆ ಗುರುತು ಒಳಮಗ್ಗುಲಲ್ಲಿ ಕಚ್ಚಿ ತೆಗೆದ ಹಾಗೆ ಖಾಲಿ ಇರುತ್ತೆ. ಅದು ಅಂಗಾಲಿನ ಕಮಾನು. ಕೆಲವರದ್ದು ಪೂರ್ತಿ ಪಾದ ಅಚ್ಚು ಬೀಳುತ್ತೆ. ಅದಕ್ಕೆ ಚಪ್ಪಟೆ ಪಾದ ಅಂತಾರೆ. ನನ್ನದು ಅಂಥದ್ದೇ.

2000ನೇ ಇಸವಿಯಲ್ಲಿ ನಾನು ಸೈನ್ಯಕ್ಕೆ ಸೇರಬೇಕೆಂದು ಭರ್ತಿಗೆ ಹೋಗಿದ್ದೆ. ಹೋಗುವ ಮೊದಲು ಆರು ತಿಂಗಳು ಕೆರೆ ಏರಿ ಮೇಲೆ ಓಡಿದ್ದೆ. 1.6 ಕಿಲೋಮೀಟರ್ ಓಟದಲ್ಲಿ ಮುಂದಿನ ಸಾಲಿನಲ್ಲೇ ಬಂದೆ. ಆಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಕಾಲು ನೋಡಿ 'ಫ್ಲಾಟ್ ಫುಟ್' ಅಂತ ಬರೆದು ಹೊರಗೆ ಕಳಿಸಿದರು. ಬಸ್ಸಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಊರಲ್ಲಿ ಮಾತ್ರ 'ಅವನ ಕಾಲಲ್ಲಿ ಐಬು ಇದೆ' ಅಂತ ಸುದ್ದಿಯಾಯಿತು. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲೂ ಅದೇ ಮಾತು ಬಂತು. ಅಂದಿನಿಂದ ನಾಲ್ಕು ಜನ ಇರುವ ಕಡೆ ಚಪ್ಪಲಿ ಬಿಡಲು ನಾಚಿಕೆ ಪಡುತ್ತಿದ್ದೆ. ಆದರೆ ಇದೇ ಕಾಲಲ್ಲಿ ಗದ್ದೆ ಉತ್ತಿದ್ದೇನೆ, ಹುಲ್ಲು ಹೊರೆ ಹೊತ್ತಿದ್ದೇನೆ, ಒಂದು ದಿನ ನೋವು ಬಂದಿಲ್ಲ.

ಇನ್ನು ನಮ್ಮವ್ವನ ವಿಚಾರ. ಅವ್ವನ ಪಾದ ಚೆನ್ನಾಗಿಯೇ ಇತ್ತು. ಅರವತ್ತು ದಾಟಿದ ಮೇಲೆ ಬಲಗಾಲಿನ ಹರಡಿನ ಒಳಮಗ್ಗುಲಲ್ಲಿ ಊತ, ನೋವು ಶುರುವಾಯಿತು. ಹಾಲು ಹಾಕಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದರು. 'ವಯಸ್ಸಾಯ್ತಲ್ಲವ್ವ' ಅಂತ ನಾನೇ ಹೇಳಿದೆ. ಎಣ್ಣೆ ಹಚ್ಚಿದೆವು, ಪಟ್ಟು ಹಾಕಿದೆವು, ಉಳುಕು ತೆಗೆಸಿದೆವು. ಎಂಟು ತಿಂಗಳಾದ ಮೇಲೆ ನೋಡಿದರೆ ಆ ಪಾದ ನೆಲಕ್ಕೆ ಕುಸಿದಿತ್ತು, ಹಿಮ್ಮಡಿ ಹೊರಕ್ಕೆ ವಾಲಿತ್ತು. ಆಗ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಆ ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವನ್ನು ಕಮಾನಿನ ಹಾಗೆ ಹಿಡಿದು ನಿಲ್ಲಿಸಿರುವುದು ಅಂಗಾಲಿನ ಗಟ್ಟಿ ಪಟ್ಟಿ, ಸಣ್ಣ ಕಟ್ಟುಗಳು ಮತ್ತು ಮೀನಖಂಡದ ಕಡೆಯಿಂದ ಹರಡಿನ ಒಳಮಗ್ಗುಲಲ್ಲಿ ಇಳಿದು ಬರುವ ಒಂದು ಹುರಿ. ಗಾಡಿಯ ಕಮಾನು ಪಟ್ಟಿ ಭಾರ ಬಿದ್ದಾಗ ಬಾಗಿ ಮತ್ತೆ ಏಳುವ ಹಾಗೆ ನಡೆಯುವಾಗ ಇದು ಕೆಲಸ ಮಾಡುತ್ತೆ. ಅವ್ವನಿಗೆ ಆ ಹುರಿ ಸವೆದು ಸೋತಿತ್ತು. ನಲವತ್ತು ದಾಟಿದ ಹೆಂಗಸರಲ್ಲಿ, ತೂಕ ಹೆಚ್ಚಾದವರಲ್ಲಿ, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಲ್ಲಿ ಇದು ಹೆಚ್ಚು. ಮೊದಲೇ ಬಂದಿದ್ದರೆ ವಿಶ್ರಾಂತಿ, ಪಟ್ಟಿ, ಮೆತ್ತೆ, ವ್ಯಾಯಾಮದಲ್ಲೇ ಕುಸಿಯದಂತೆ ತಡೆಯಲು ನೋಡಬಹುದಿತ್ತು ಅಂದರು. ಈಗ ಅವ್ವನ ನೋವು ಕಡಿಮೆಯಾಗಿದೆ, ಒಳಗೆ ಮೆತ್ತೆ ಇರುವ ಪಾದರಕ್ಷೆ ಹಾಕುತ್ತಾರೆ. ಆದರೆ ಕುಸಿದ ಕಮಾನು ಮತ್ತೆ ಏಳಲಿಲ್ಲ. ಆ ಎಂಟು ತಿಂಗಳು ನನ್ನ ತಪ್ಪು, ಅವ್ವನದಲ್ಲ.

ಅಲ್ಲೇ ನಾಚಿಕೆ ಬಿಟ್ಟು ನನ್ನ ಪಾದವನ್ನೂ ತೋರಿಸಿದೆ. ಡಾಕ್ಟರು ತುದಿಗಾಲಲ್ಲಿ ನಿಲ್ಲಲು ಹೇಳಿದರು. ನಿಂತ ಕೂಡಲೆ ನನ್ನ ಅಂಗಾಲಿನಲ್ಲಿ ಕಮಾನು ಎದ್ದಿತು. 'ಇದು ಬಳುಕುವ ಚಪ್ಪಟೆ ಪಾದ. ನೋವಿಲ್ಲ ಅಂದಮೇಲೆ ಇದು ಕಾಯಿಲೆ ಅಲ್ಲ, ಔಷಧಿಯೂ ಬೇಡ' ಅಂದರು. 1993ರಲ್ಲಿ ಅಮೆರಿಕದ ಸೈನ್ಯದಲ್ಲಿ ತರಬೇತಿಯಲ್ಲಿದ್ದ 246 ಸಿಪಾಯಿಗಳ ಕಾಲು ಪರೀಕ್ಷೆ ಮಾಡಿದ ವರದಿ ಬಂದಿದೆಯಂತೆ. ಅದರಲ್ಲಿ ಪಾದ ಬಹಳ ಚಪ್ಪಟೆ ಇದ್ದವರಿಗೇ ಪೆಟ್ಟು ಕಡಿಮೆ, ಕಮಾನು ಬಹಳ ಎತ್ತರ ಇದ್ದವರಿಗೆ ಹೆಚ್ಚು. ಇದನ್ನು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಪ್ಪ ಇದ್ದಿದ್ದರೆ ಮೊದಲು ಅವರಿಗೆ ಹೇಳುತ್ತಿದ್ದೆ.

ಇನ್ನು ಮಕ್ಕಳ ವಿಚಾರ, ತಾಯಂದಿರು ದಯವಿಟ್ಟು ಗಮನ ಕೊಡಿ. ಕೈಗೂಸುಗಳ ಅಂಗಾಲು ಚಪ್ಪಟೆಯಾಗಿಯೇ ಕಾಣುತ್ತೆ, ಅಲ್ಲಿ ಕೊಬ್ಬಿನ ಮೆತ್ತೆ ಇರುತ್ತೆ. ಮಗು ಬೆಳೆಯುತ್ತಾ ಹತ್ತು ವರ್ಷದೊಳಗೆ ಹೆಚ್ಚಿನವರಿಗೆ ಕಮಾನು ತಾನೇ ಮೂಡುತ್ತೆ. ಪಟ್ಟಣದ ಒಂದು ಅಂಗಡಿಯಲ್ಲಿ ನಮ್ಮೂರಿನವರೊಬ್ಬರಿಗೆ 'ಈ ಬೂಟು ಹಾಕಿಸಿದರೆ ಮಗುವಿನ ಕಾಲು ಸರಿಯಾಗುತ್ತೆ' ಅಂತ ದುಬಾರಿ ಬೂಟು ಮಾರಿದ್ದಾರೆ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ವರ್ಷ ಇಂಥ ಬೂಟು, ಮೆತ್ತೆ ಹಾಕಿಸಿದ ಮಕ್ಕಳನ್ನೂ ಹಾಕಿಸದ ಮಕ್ಕಳನ್ನೂ ಹೋಲಿಸಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ನೋವಿಲ್ಲದ ಮಗುವಿಗೆ ಆ ದುಡ್ಡು ದಂಡ. ಆ ದುಡ್ಡಲ್ಲಿ ಒಂದು ಮೂಟೆ ಹಿಂಡಿ ಬರುತ್ತೆ.

ನಮ್ಮ ರಾಜ್ಯದವರೇ ಮಾಡಿದ ಕೆಲಸ ಒಂದಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಉದಯ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ತೆಗೆದು 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ ಇತ್ತು, ಬರಿಗಾಲಲ್ಲಿ ನಡೆಯುವ ಮಕ್ಕಳಲ್ಲಿ 2.8 ಮಾತ್ರ. ಅದರಲ್ಲೂ ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಆರು ವರ್ಷದೊಳಗಿನ ಕಾಲವೇ ಮುಖ್ಯ ಅಂತ ಅವರ ಅಭಿಪ್ರಾಯ. ಆದ್ದರಿಂದ ಚಿಕ್ಕ ಮಕ್ಕಳು ಮನೆಯೊಳಗೆ, ಶುಚಿಯಾದ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಲಿ. ಕೊಟ್ಟಿಗೆ, ತಿಪ್ಪೆ, ಬಯಲಿಗೆ ಮಾತ್ರ ಚಪ್ಪಲಿ ಬೇಕೇ ಬೇಕು. ಇಲ್ಲದಿದ್ದರೆ ಮುಳ್ಳು, ಕೊಕ್ಕೆಹುಳು ತಪ್ಪಿದ್ದಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರು ಎಲ್ಲಿಯೂ ಬರಿಗಾಲಲ್ಲಿ ನಡೆಯಬಾರದು.

ಹಾಗಾದರೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಪಾದದಲ್ಲಿ ನೋವು ಇದ್ದರೆ. ತುದಿಗಾಲಲ್ಲಿ ನಿಂತರೂ ಕಮಾನು ಏಳದೆ ಪಾದ ಬಿಗಿಯಾಗಿದ್ದರೆ. ಮೊದಲು ಚೆನ್ನಾಗಿದ್ದ ಒಂದೇ ಕಾಲು ಕುಸಿಯುತ್ತಿದ್ದರೆ. ಹರಡಿನ ಒಳಮಗ್ಗುಲಲ್ಲಿ ಊತವಿದ್ದು, ಆ ಒಂದು ಕಾಲಿನ ತುದಿಯಲ್ಲಿ ನಿಲ್ಲಲು ಆಗದಿದ್ದರೆ. ಸಕ್ಕರೆ ಕಾಯಿಲೆಯವರಿಗೆ ಪಾದ ಊದಿ, ಬಿಸಿಯಾಗಿ, ಕೆಂಪಾದರೆ ನೋವು ಇಲ್ಲದಿದ್ದರೂ ಅವತ್ತೇ ಹೋಗಬೇಕು. ಸ್ಪರ್ಶ ಕಳೆದುಕೊಂಡ ಪಾದದೊಳಗೆ ಗೊತ್ತೇ ಆಗದ ಹಾಗೆ ಮೂಳೆ ಮುರಿದು ಕುಸಿಯುವುದುಂಟು.

ಸೈನ್ಯ, ಪೊಲೀಸ್ ಕೆಲಸದ ಆಸೆ ಇರುವ ಹುಡುಗರಿಗೆ ಒಂದು ಮಾತು. ಅಲ್ಲಿ ಪಾದ ನೋಡಿಯೇ ನೋಡುತ್ತಾರೆ. ಓದು ಬಿಟ್ಟು, ಸಾಲ ಮಾಡಿ ತರಬೇತಿಗೆ ಸೇರುವ ಮುಂಚೆ ಆ ಭರ್ತಿಯ ನಿಯಮ ಓದಿ, ಮೂಳೆ ಡಾಕ್ಟರಿಗೆ ಒಮ್ಮೆ ಕಾಲು ತೋರಿಸಿ. ಆಗಲಿಲ್ಲ ಅಂದರೆ ಅದು ಆ ಕೆಲಸದ ನಿಯಮ, ನಿಮ್ಮ ಬದುಕಿನ ತೀರ್ಪಲ್ಲ. ಕಾಲ್ಗುಣ, ಐಬು ಅಂತ ಹುಡುಗ ಹುಡುಗಿಯರನ್ನು ಆಡಿಕೊಳ್ಳುವುದನ್ನೂ ನಾವು ಬಿಡಬೇಕು.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ಒಂದು ಕೋರಿಕೆ. ಹಾಲು ಹಾಕಲು ಬರುವ ವಯಸ್ಸಾದ ತಾಯಂದಿರು ಎರಡು ಹೊತ್ತೂ ಸಿಮೆಂಟ್ ನೆಲದ ಮೇಲೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮವ್ವ ಕುಂಟಿಕೊಂಡು ನಿಂತಿದ್ದನ್ನು ನಾನು ಒಳಗೆ ಲೆಕ್ಕದ ಪುಸ್ತಕ ನೋಡುತ್ತಾ ನೋಡಿಯೂ ನೋಡದ ಹಾಗೆ ಇದ್ದೆ. ಬೆಳ್ಳಿಹಬ್ಬದ ನೆನಪಿಗೆ ಅಲ್ಲಿ ಎರಡು ಕಲ್ಲು ಬೆಂಚು ಹಾಕಿಸೋಣ. ಒಂದರ ಖರ್ಚು ನನ್ನದು.

ಶಿಬಿರದಲ್ಲಿ ಎಲ್ಲರೂ ನಾಚಿಕೆ ಬಿಟ್ಟು ಕಾಲು ತೋರಿಸಿಕೊಂಡು ಹೋಗಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.