ನಿಂತಲ್ಲಿ ನಿಲ್ಲದ ಹಳೆಯ ಟ್ರ್ಯಾಕ್ಟರ: ದೋಷವನ್ನು ಗುರುತಿಸುವ ಕ್ರಮ

(ಲೋಕಾಪುರದಲ್ಲಿ ಜಮೀನುದಾರರ ಹಾಗೂ ಗ್ರಾಮಪ್ರಮುಖರ ಸಭೆಯಲ್ಲಿ ಕೃಷಿ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ಎತ್ತನ್ನು ಕೊಳ್ಳುವ ವಿದ್ಯೆಯನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ಗೊರಸು ನೋಡುತ್ತೀರಿ. ನಾಲ್ಕು ಹೆಜ್ಜೆ ನಡೆಯಿಸಿ, ನೊಗ ಹೂಡಿ, ಹೋ ಎಂದಾಗ ನಿಲ್ಲುವುದೋ ಇಲ್ಲವೋ ಎಂಬುದನ್ನೂ ಪರೀಕ್ಷಿಸುತ್ತೀರಿ. ಆದರೆ ಅದೇ ಒಕ್ಕಲಿಗನು ಹಳೆಯ ಟ್ರ್ಯಾಕ್ಟರ ಕೊಳ್ಳಲು ಹೋದಾಗ ಬಣ್ಣವನ್ನು ನೋಡಿ, ಇಂಜಿನ್ನಿನ ಸಪ್ಪಳವನ್ನು ಕೇಳಿ, ಸಂಚಕಾರ ಕೊಟ್ಟು ಬರುತ್ತಾನೆ. ಅದು ನಿಲ್ಲೆಂದಾಗ ನಿಲ್ಲುವುದೇ ಎಂಬ ಪ್ರಶ್ನೆಯು ಮನೆಗೆ ತಂದ ತರುವಾಯವೇ ಹುಟ್ಟುತ್ತದೆ. ಈ ದಿವಸ ನಾನು ಹೇಳಬೇಕೆಂದಿರುವುದು ಆ ಒಂದೇ ಪ್ರಶ್ನೆಯ ವಿಚಾರ.

ಮುಧೋಳ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ಕಾಲಕ್ಕೆ ಈ ಸೀಮೆಯ ಒಕ್ಕಲುತನದ ಭಾರವೆಲ್ಲ ಎತ್ತಿನ ಹೆಗಲ ಮೇಲೆಯೇ ಇದ್ದಿತು. ಅದಕ್ಕೂ ಹಿಂದೆ, ಬೆಳಗಾವಿಯಲ್ಲಿ ಉದ್ಯೋಗ ಆರಂಭಿಸಿ 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಾರಖಾನೆ ಹೂಡಿದ ಲಕ್ಷ್ಮಣರಾವ ಕಿರ್ಲೋಸ್ಕರರ ಕಬ್ಬಿಣದ ನೇಗಿಲನ್ನು ಕಂಡು, ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದ್ದರು. ಬಳಸಿ ನೋಡಿದ ಮೇಲೆ ಆ ಅಂಜಿಕೆ ಹೋಯಿತು. ಈಗಿನ ತಪ್ಪು ಅದಕ್ಕೆ ವಿರುದ್ಧವಾದುದು: ಯಂತ್ರವನ್ನು ತಿಳಿದುಕೊಳ್ಳದೆಯೇ ನಂಬಿಬಿಡುತ್ತೇವೆ.

ಯಂತ್ರದ ರಚನೆ

ನಮ್ಮ ನಾಡಿನಲ್ಲಿ ಮಾರಾಟವಾಗುವ ಸಣ್ಣ ಟ್ರ್ಯಾಕ್ಟರಗಳಲ್ಲಿ ಬಹುತೇಕ ಎಲ್ಲವೂ ಕ್ಲಚ್ಚು ಮತ್ತು ಗೇರಿನವು. ಜಪಾನ, ಅಮೇರಿಕ ಮೊದಲಾದ ದೇಶಗಳಲ್ಲಿ ತೋಟದ ಹಾಗೂ ಹುಲ್ಲು ಕತ್ತರಿಸುವ ಕೆಲಸದ ಸಣ್ಣ ಟ್ರ್ಯಾಕ್ಟರಗಳಿಗೆ ಹೈಡ್ರೋಸ್ಟ್ಯಾಟಿಕ್, ಎಂದರೆ ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವ ರಚನೆಯು ಸಾಮಾನ್ಯವಾಗಿದೆ. ಈ ರಚನೆಯು ನಿಮಗೆ ತೀರ ಅಪರಿಚಿತವೂ ಅಲ್ಲ; ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಬರುವ ಕಬ್ಬು ಕಟಾವಿನ ದೊಡ್ಡ ಯಂತ್ರಗಳು ನಡೆಯುವುದೂ ಇದೇ ತತ್ತ್ವದ ಮೇಲೆ. ಇಂಥ ಸಣ್ಣ ಟ್ರ್ಯಾಕ್ಟರವು ಎರಡು ಮೂರು ಕೈ ಬದಲಾಗಿ ನಿಮ್ಮಲ್ಲಿಗೆ ಬಂದರೆ ಅದರ ಒಳಗುಟ್ಟು ತಿಳಿದಿರಬೇಕು.

ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನಲ್ಲಿ ಹಲವು ಸಣ್ಣ ಪಿಸ್ಟನ್ನುಗಳೂ ಅವುಗಳ ತುದಿಗೆ ಒಂದು ತಟ್ಟೆಯೂ ಇರುತ್ತವೆ. ಕಾಲಿನ ಪೆಡಲನ್ನು ಒತ್ತಿದಂತೆ ಈ ತಟ್ಟೆಯು ಓರೆಯಾಗುತ್ತದೆ. ಓರೆಯಾದಷ್ಟು ಪಿಸ್ಟನ್ನುಗಳು ಹಿಂದೆ ಮುಂದೆ ಆಡಿ ಎಣ್ಣೆಯನ್ನು ತಳ್ಳುತ್ತವೆ. ಆ ಎಣ್ಣೆಯು ಇನ್ನೊಂದು ಬದಿಯ ಮೋಟರನ್ನು ತಿರುಗಿಸಿ ಗಾಲಿಗಳಿಗೆ ಬಲ ಕೊಡುತ್ತದೆ. ಒಂದು ಕಡೆಗೆ ಓರೆಯಾದರೆ ಮುಂದಕ್ಕೆ, ಮತ್ತೊಂದು ಕಡೆಗೆ ಓರೆಯಾದರೆ ಹಿಂದಕ್ಕೆ ನಡೆ. ಪೆಡಲು ಬಿಟ್ಟಾಗ ಸ್ಪ್ರಿಂಗು ತಟ್ಟೆಯನ್ನು ನೆಟ್ಟಗೆ ತರಬೇಕು. ತಟ್ಟೆ ನೆಟ್ಟಗಾದರೆ ಪಿಸ್ಟನ್ನುಗಳು ಎಣ್ಣೆಯನ್ನು ತಳ್ಳುವುದಿಲ್ಲ, ಯಂತ್ರವು ನಿಲ್ಲುತ್ತದೆ. ತಟ್ಟೆಯು ಕೂದಲೆಳೆಯಷ್ಟು ಓರೆಯಾಗಿ ಉಳಿದರೂ ಸ್ವಲ್ಪ ಎಣ್ಣೆ ಹರಿದು ಯಂತ್ರವು ತಾನಾಗಿ ಸರಿಯುತ್ತದೆ. ಈ ರೋಗದ ಮೂಲವು ಬಹಳ ಸಲ ಇಷ್ಟೇ.

ಅಪಾಯದ ವಿಚಾರ

ನಿಮಿಷಕ್ಕೆ ಎರಡು ಮಾರು ಸರಿಯುವ ಯಂತ್ರವನ್ನು ಕಂಡು, ಬ್ರೇಕು ಹಾಕಿದರಾಯಿತು ಎನ್ನುವವರಿದ್ದಾರೆ. ಟ್ರೇಲರಿನ ಕೊಂಡಿಗೆ ಪಿನ್ನು ಹಾಕಲು ಯಾರನ್ನು ಕಳಿಸುತ್ತೇವೆಂಬುದನ್ನು ಅವರು ನೆನೆಯಬೇಕು. ಬಹುಶಃ ಮನೆಯ ಹುಡುಗನನ್ನು. ಅವನು ನಿಲ್ಲುವುದು ಟ್ರ್ಯಾಕ್ಟರಿನ ಬೆನ್ನಿಗೂ ಟ್ರೇಲರಿನ ಮೂತಿಗೂ ನಡುವಿನ ಒಂದು ಮೊಳದ ಜಾಗದಲ್ಲಿ. ಅಲ್ಲಿ ಒಂದು ಗೇಣು ಸರಿದರೂ ಸಾಕು. ಕಾಲುವೆಯ ಏರಿ, ಬಾವಿಯ ದಂಡೆ, ಕಣದಲ್ಲಿ ಮಲಗಿಸಿದ ಕೂಸು, ಇವೆಲ್ಲಕ್ಕೂ ಅದೇ ಮಾತು. ಆದಕಾರಣ ತಾನಾಗಿ ಸರಿಯುವ ಯಂತ್ರವನ್ನು ದುರಸ್ತಿಯಾಗುವವರೆಗೆ ಕೆಲಸಕ್ಕೆ ಹೂಡಬಾರದು.

ಮೂರು ಬಗೆಯ ಸರಿತ

ಪರೀಕ್ಷೆಗೆ ಸಮನಾದ ಗಟ್ಟಿ ನೆಲವನ್ನು ಆರಿಸಿಕೊಳ್ಳಬೇಕು. ಮುಂದೆ ಹಿಂದೆ ಯಾರೂ ಇರಬಾರದು. ಒಬ್ಬನು ಆಸನದ ಮೇಲೆ ಕುಳಿತು, ಶ್ರೇಣಿಯ ಲೀವರನ್ನು ನಿಧಾನದ ಶ್ರೇಣಿಯಲ್ಲಿಟ್ಟು, ಬ್ರೇಕು ಬಿಟ್ಟು, ಪೆಡಲಿನಿಂದ ಕಾಲು ತೆಗೆಯಲಿ. ಯಂತ್ರವು ಯಾವ ಕಡೆಗೆ ಸರಿಯುವುದೆಂಬುದನ್ನು ಇನ್ನೊಬ್ಬನು ಬದಿಗೆ ದೂರ ನಿಂತು ನೋಡಲಿ. ಎಣ್ಣೆ ತಣ್ಣಗಿರುವಾಗ ಒಮ್ಮೆ, ಒಂದು ತಾಸು ಕೆಲಸ ಮಾಡಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡತಕ್ಕದ್ದು.

ಮೊದಲನೆಯದಾಗಿ, ಯಾವಾಗಲೂ ಒಂದೇ ಕಡೆಗೆ ಸರಿದರೆ ನ್ಯೂಟ್ರಲಿನ ಹೊಂದಾಣಿಕೆಯು ತಪ್ಪಿದೆಯೆಂದು ತಿಳಿಯಬೇಕು. ತಟ್ಟೆಯು ಪ್ರತಿಸಲವೂ ನಡುವಿಗೆ ಬಾರದೆ ಒಂದೇ ಮಗ್ಗುಲಿಗೆ ನಿಲ್ಲುತ್ತಿದೆ.

ಎರಡನೆಯದಾಗಿ, ಮುಂದೆ ನಡೆಯಿಸಿ ಬಿಟ್ಟರೆ ಮುಂದಕ್ಕೂ, ಹಿಂದೆ ನಡೆಯಿಸಿ ಬಿಟ್ಟರೆ ಹಿಂದಕ್ಕೂ ಸರಿದು, ಬೂಟಿನ ತುದಿಯಿಂದ ಪೆಡಲನ್ನು ನಡುವಿಗೆ ತಂದಾಗ ನಿಂತರೆ, ಹೊಂದಾಣಿಕೆಯು ಸರಿಯಾಗಿಯೇ ಇದೆ. ಪೆಡಲು ಅಥವಾ ಅದರ ಸರಳುಗಳು ಎಲ್ಲಿಯೋ ಸಿಕ್ಕಿಕೊಳ್ಳುತ್ತಿವೆ, ಇಲ್ಲವೆ ಸ್ಪ್ರಿಂಗು ಸೋತಿದೆ.

ಮೂರನೆಯದಾಗಿ, ಸಮನೆಲದಲ್ಲಿ ಕದಲದೆ, ಇಳಿಜಾರಿನಲ್ಲಿ ಮಾತ್ರ ಇಳಿಮುಖವಾಗಿ ಸರಿದರೆ, ಪಂಪು ಮೋಟರುಗಳ ಒಳಗೆ ಎಣ್ಣೆಯು ಸಂದಿನಿಂದ ಸೋರುತ್ತಿದೆ. ಈ ಜಾತಿಯ ಯಂತ್ರಗಳಲ್ಲಿ ಇದು ಅಲ್ಪ ಪ್ರಮಾಣದಲ್ಲಿ ಸಹಜ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕಿಗೆ ಕೊಕ್ಕೆ ಹಾಕಲೇಬೇಕೆಂದು ಹೇಳುವುದು ಇದಕ್ಕಾಗಿಯೇ. ಆದರೆ ಯಂತ್ರ ಬಿಸಿಯಾದಂತೆ ಸರಿತವು ಹೆಚ್ಚಿ, ಏರಿನಲ್ಲಿ ಎಳೆಯುವ ಬಲವೂ ಕುಗ್ಗಿದರೆ ಪಂಪು ಸವೆದಿದೆಯೆಂಬ ಸಂಶಯಕ್ಕೆ ಕಾರಣವುಂಟು.

ಅಗ್ಗದ ಕಡೆಯಿಂದ ಹುಡುಕಬೇಕು

ನಮ್ಮ ಸೀಮೆಯ ಒಬ್ಬ ಸಣ್ಣ ಹಿಡುವಳಿದಾರರ ಹಳೆಯ ಯಂತ್ರವು ಹೀಗೆಯೇ ಸರಿಯುತ್ತಿತ್ತು. ಪಂಪನ್ನೇ ಬದಲಿಸಬೇಕೆಂದು ಅವರಿಗೆ ಯಾರೋ ಹೇಳಿದ್ದರು. ಅದಕ್ಕಾಗಿ ಹಾಲು ಕೊಡುವ ಎಮ್ಮೆಯನ್ನು ಮಾರಲು ಸಿದ್ಧರಾಗಿದ್ದರು. ಪಾದದ ಹಲಗೆ ಬಿಚ್ಚಿ ನೋಡಿದಾಗ ಕಂಡುದು ಪೆಡಲಿನ ಅಚ್ಚಿನ ಸುತ್ತಲೂ ಗಟ್ಟಿಯಾಗಿ ಕುಳಿತ ಎರೆಮಣ್ಣು, ಕಬ್ಬಿನ ರವದಿ, ಮತ್ತು ಸವೆದು ಅಂಡಾಕಾರವಾದ ಒಂದು ಬುಶ್ಶು. ಎಮ್ಮೆಯು ಇಂದಿಗೂ ಅವರ ಕೊಟ್ಟಿಗೆಯಲ್ಲಿಯೇ ಇದೆ. ಆದುದರಿಂದ ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ತುಟ್ಟಿಯ ಕಡೆಗೆ ಹೋಗುವ ಈ ಕ್ರಮವನ್ನು ನೆನಪಿಡಿರಿ. ಮೊದಲಿನ ಮೂರು ಕೆಲಸಗಳನ್ನು ಇಂಜಿನ್ನು ನಿಲ್ಲಿಸಿ, ಬ್ರೇಕು ಹಾಕಿ, ಗಾಲಿಗಳಿಗೆ ಅಡೆ ಕೊಟ್ಟೇ ಮಾಡಬೇಕು.

1. ಪೆಡಲಿನ ಕೆಳಗೆ ಚೀಲ, ಹಾಸು, ಮಣ್ಣು ಅಡ್ಡ ಬಂದಿರುವುದೇ ನೋಡಬೇಕು. ವೇಗವನ್ನು ಒಂದೇ ಸಮನೆ ಹಿಡಿದಿಡುವ ಕೊಕ್ಕೆಯಿದ್ದರೆ ಅದು ಪೂರ್ತಿ ಬಿಟ್ಟಿದೆಯೇ ಪರೀಕ್ಷಿಸಬೇಕು.

2. ಪೆಡಲಿನಿಂದ ಪಂಪಿನವರೆಗೆ ಹೋಗುವ ಸರಳುಗಳನ್ನು ತೊಳೆದು, ಒರೆಸಿ, ಬಾಗಿದ ಸರಳು, ಸವೆದ ಬುಶ್ಶು, ಸಡಿಲ ನಟ್ಟು ಇವುಗಳನ್ನು ಹುಡುಕಬೇಕು. ತುಕ್ಕು ಹಿಡಿದ ಅಚ್ಚಿಗೆ ಎಣ್ಣೆ ಬಿಡಬೇಕು.

3. ನಡುವಿಗೆ ಎಳೆಯುವ ಸ್ಪ್ರಿಂಗು, ಅದರ ಹತ್ತಿರದ ಸಣ್ಣ ಉರುಳೆ ಮತ್ತು ಅದು ಕುಳಿತುಕೊಳ್ಳುವ ತಗ್ಗು ಸವೆದಿವೆಯೇ ನೋಡಬೇಕು. ಇವು ಸವೆದಿದ್ದರೆ ಎಷ್ಟು ಹೊಂದಿಸಿದರೂ ಎಂಟು ದಿವಸದಲ್ಲಿ ರೋಗವು ಮರಳುತ್ತದೆ.

4. ಇಷ್ಟೆಲ್ಲ ಸರಿಯಿದ್ದೂ ಸರಿತವು ನಿಲ್ಲದಿದ್ದರೆ ಮಾತ್ರ ನ್ಯೂಟ್ರಲನ್ನು ಹೊಂದಿಸತಕ್ಕದ್ದು. ಈ ಕೆಲಸಕ್ಕೆ ಇಂಜಿನ್ನು ನಡೆಯುತ್ತಿರಲೇಬೇಕಾದ ಕಾರಣ ಪಳಗಿದ ಮಿಸ್ತ್ರಿಯೇ ಮಾಡಬೇಕು. ಮುಂದಿನ ಗಾಲಿಗಳಿಗೆ ಅಡೆ ಕೊಟ್ಟು, ನಾಲ್ಕು ಗಾಲಿಯ ಎಳೆತವಿದ್ದರೆ ಮುಂದಿನ ಎಳೆತವನ್ನು ಬಿಡಿಸಿ, ಹಿಂದಿನ ಎರಡೂ ಗಾಲಿಗಳನ್ನು ಎತ್ತಿ ಭದ್ರವಾದ ಕಬ್ಬಿಣದ ಕುದುರೆಗಳ ಮೇಲೆ ನಿಲ್ಲಿಸಬೇಕು. ಇಟ್ಟಂಗಿ, ಕಲ್ಲುಗಳನ್ನು ನಂಬಲಾಗದು. ಹೊಂದಾಣಿಕೆಯ ತಿರುಪನ್ನು ಗಾಲಿಯು ಮುಂದಕ್ಕೆ ತಿರುಗಲಾರಂಭಿಸುವವರೆಗೆ ತಿರುಗಿಸಿ ಒಂದು ಗುರುತು, ಹಿಂದಕ್ಕೆ ತಿರುಗಲಾರಂಭಿಸುವವರೆಗೆ ತಿರುಗಿಸಿ ಇನ್ನೊಂದು ಗುರುತು ಮಾಡಿ, ಎರಡರ ಸರಿನಡುವೆ ತಂದು ನಟ್ಟನ್ನು ಬಿಗಿಯಬೇಕು. ತರುವಾಯ ಇಂಜಿನ್ನಿನ ವೇಗ ಹೆಚ್ಚಿಸಿ ಮತ್ತೆ ನೋಡಬೇಕು. ಧೋತರದ ಚುಂಗು, ಹೆಗಲ ವಸ್ತ್ರ ಇವುಗಳೊಡನೆ ಯಾರೂ ಹತ್ತಿರ ಸುಳಿಯಬಾರದು.

5. ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ನೋಡಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಸುಟ್ಟ ವಾಸನೆಯಿದ್ದರೆ ಅತಿಯಾಗಿ ಕಾದಿದೆ. ಕಟ್ಟಿದ ಜರಡಿ, ಕಡಿಮೆ ಎಣ್ಣೆ ಇವು ಬಲವನ್ನು ಕುಗ್ಗಿಸಿ ಪಂಪನ್ನು ತಿನ್ನುತ್ತವೆ. ಯಂತ್ರದ ಪುಸ್ತಕದಲ್ಲಿ ಬರೆದ ಜಾತಿಯ ಎಣ್ಣೆಯನ್ನೇ ಹಾಕಬೇಕು. ಮನೆಯಲ್ಲಿ ಉಳಿದ ಗೇರೆಣ್ಣೆಯನ್ನು ಸುರಿಯಬಾರದು.

6. ಪಂಪಿನ ಸವೆತವನ್ನು ಒತ್ತಡದ ಮಾಪಕ ಹಚ್ಚಿ ಅಳೆದು ನಿರ್ಣಯಿಸಬೇಕು. ಅಳತೆಯನ್ನು ತೋರಿಸದೆ ಪಂಪು ಬದಲಿಸೆನ್ನುವವನಿಗೆ ದುಡ್ಡು ಕೊಡಬೇಡಿರಿ.

ಇಂಥ ಯಂತ್ರವು ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ದೂರ ಎಳೆಯಬಾರದು. ಇಂಜಿನ್ನು ನಿಂತಾಗ ಪಂಪು ಮೋಟರುಗಳಿಗೆ ಎಣ್ಣೆ ತಲುಪದೆ ಒಳಭಾಗಗಳು ಒರೆದುಹೋಗುತ್ತವೆ. ನೂಕಿ ಚಾಲೂ ಮಾಡುವುದಂತೂ ಆಗದ ಮಾತು.

ಗೇರಿನ ಟ್ರ್ಯಾಕ್ಟರ ಸರಿದರೆ

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಗೇರಿನ ಯಂತ್ರ. ಅಲ್ಲಿ ರೋಗದ ಹೆಸರು ಒಂದೇ ಆದರೂ ಕಾರಣವು ಬೇರೆ. ಗೇರಿನಲ್ಲಿಟ್ಟು ಕ್ಲಚ್ಚನ್ನು ಪೂರ್ತಿ ತುಳಿದರೂ ಯಂತ್ರವು ಮುಂದೆ ಸರಿದರೆ ಮತ್ತು ಗೇರು ಹಾಕುವಾಗ ಕರಕರ ಸಪ್ಪಳವಾದರೆ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಮೊದಲು ಪೆಡಲಿನ ಸಡಿಲನ್ನು ಅಳೆಯಬೇಕು. ಅನೇಕ ಯಂತ್ರಗಳಲ್ಲಿ ಇದು ಸುಮಾರು ಒಂದು ಅಂಗುಲದಷ್ಟಿರುತ್ತದೆ. ನಿಮ್ಮ ಯಂತ್ರಕ್ಕೆ ತಯಾರಕರ ಪುಸ್ತಕದ ಅಳತೆಯೇ ಪ್ರಮಾಣ. ಸಡಿಲು ಹೆಚ್ಚಾದರೆ ಕ್ಲಚ್ಚು ಬಿಡುವುದಿಲ್ಲ, ಕಡಿಮೆಯಾದರೆ ಜಾರಿ ಸುಡುತ್ತದೆ. ಮಳೆಗಾಲವೆಲ್ಲ ನಿಂತ ಯಂತ್ರದಲ್ಲಿ ತಟ್ಟೆಯು ತುಕ್ಕಿನಿಂದ ಅಂಟಿಕೊಳ್ಳುವುದೂ ಉಂಟು.

ಕೊಳ್ಳುವವರಿಗೆ

ಮಾರುವವನು ಮೊದಲೇ ಬಿಸಿ ಮಾಡಿಟ್ಟ ಯಂತ್ರವನ್ನು ನೋಡಿ ಬರಬೇಡಿರಿ, ತಣ್ಣಗಿರುವಾಗಲೇ ಹೋಗಿರಿ. ಆಸನದಿಂದ ಎದ್ದರೆ ಇಂಜಿನ್ನು ನಿಲ್ಲಿಸುವ ರಕ್ಷಣೆಯ ಸ್ವಿಚ್ಚನ್ನು ತಂತಿ ಜೋಡಿಸಿ ಕೆಡಿಸಿದ್ದರೆ, ಆ ಯಂತ್ರವನ್ನು ಹೇಗೆ ಬಳಸಿರಬಹುದೆಂಬುದು ಅದರಿಂದಲೇ ತಿಳಿಯುತ್ತದೆ. ಕಾಗದಪತ್ರದ ವಿಷಯದಲ್ಲಿ, ನೋಂದಣಿ ಪತ್ರದಲ್ಲಿರುವ ಇಂಜಿನ್ನಿನ ಹಾಗೂ ಚಾಸಿಯ ಸಂಖ್ಯೆಗಳನ್ನು ಯಂತ್ರದ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30. ಮೊದಲಿನ ಸಾಲ ತೀರಿದುದನ್ನು ನೋಂದಣಿಯಿಂದ ತೆಗೆಸಲು ನಮೂನೆ 35. ಕೊಂಡವನು 30 ದಿವಸಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯದೆಯು ಹೇಳುತ್ತದೆ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ. ಎರಡು ಮೂರು ಎಕರೆಯ ಹಿಡುವಳಿದಾರರು ಕೊಳ್ಳುವ ಮೊದಲು ಬಾಡಿಗೆಯ ಲೆಕ್ಕವನ್ನೂ ಹಾಕಿ ನೋಡತಕ್ಕದ್ದು. ಕರ್ನಾಟಕ ಸರಕಾರದ ಕೃಷಿ ಯಂತ್ರಧಾರೆ ಯೋಜನೆಯು 2014ರಲ್ಲಿ ಆರಂಭವಾದುದು ಇದೇ ಉದ್ದೇಶದಿಂದ.

ಗ್ರಾಮಪ್ರಮುಖರಿಗೆ ವಿನಂತಿ

ಹಿರಿಯರೇ, ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ. ತಾನಾಗಿ ಸರಿಯುವ ಟ್ರ್ಯಾಕ್ಟರವು ಯಾರದ್ದೇ ಆಗಿರಲಿ, ಜಾತ್ರೆಯ ಜನಸಂದಣಿಯಲ್ಲಿ, ಶಾಲೆಯ ಮುಂದೆ, ಕಬ್ಬಿನ ಟ್ರೇಲರುಗಳ ಸಾಲಿನಲ್ಲಿ ಅದನ್ನು ನಿಲ್ಲಗೊಡಬೇಡಿರಿ. ಕೊಂಡಿ ಹಾಕುವವನು ನಡುವೆ ಹೋಗುವ ಮೊದಲು ಇಂಜಿನ್ನು ನಿಂತಿರಬೇಕು, ಬ್ರೇಕು ಕಟ್ಟಿರಬೇಕು, ಗಾಲಿಗೆ ಅಡೆ ಇರಬೇಕು. ಈ ಮೂರನ್ನು ಊರ ರೂಢಿಯಾಗಿ ಮಾಡಿರಿ. ಇದಕ್ಕೆ ಬೇಕಾಗುವುದು ಒಂದು ಕಟ್ಟಿಗೆಯ ತುಂಡು ಮತ್ತು ಅರ್ಧ ನಿಮಿಷದ ವೇಳೆ.

ದೋಷವನ್ನು ಗುರುತಿಸಿ, ಹೊರಗಿನಿಂದ ಒಳಕ್ಕೆ ಹುಡುಕಿ, ಅಳೆದ ಮೇಲೆಯೇ ಹಣ ವೆಚ್ಚ ಮಾಡಿರಿ. ಅದುವರೆಗೆ ಯಂತ್ರವು ಅಡೆಯ ಮೇಲೆಯೇ ನಿಂತಿರಲಿ.