ಸಮವಸ್ತ್ರ ತೊಡುವ ಹಿರಿಯರು ಬೇಕಾಗಿದ್ದಾರೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನವರು ಬಾಲಚಮೂ ಎಂದು ಕರೆಯುತ್ತಿದ್ದ ಸ್ಕೌಟು ಚಳುವಳಿಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮಕ್ಕಳ ವಿಷಯವಾಗಿ ನಾನು ಹೆಚ್ಚು ಹೇಳುವುದಿಲ್ಲ. ಅವರು ಕರೆದೊಡನೆ ಬರುವವರು. ನನ್ನ ಮಾತೆಲ್ಲ ಇಲ್ಲಿ ಕುಳಿತಿರುವ ದೊಡ್ಡವರನ್ನು ಉದ್ದೇಶಿಸಿದ್ದು.

1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವ ವರ್ಗದ ಮನೆಗಳ ಹುಡುಗರನ್ನೂ ಅವರು ಬೇಕೆಂದೇ ಒಂದೇ ಗುಡಾರದಲ್ಲಿ ಇರಿಸಿದರು. ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರು ಭಾರತದ ಮೊದಲ ಸ್ಕೌಟು ದಳವನ್ನು ನಮ್ಮ ಬೆಂಗಳೂರಿನಲ್ಲಿಯೇ ಕಟ್ಟಿದರು. ಆದರೆ ಆರಂಭದಲ್ಲಿ ಆ ಬಾಗಿಲು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಈ ಅನ್ಯಾಯವನ್ನು ಸಹಿಸದೆ ಶ್ರೀಮತಿ ಅನಿಬೆಸೆಂಟರು ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಬೇರೆ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯ ಹುಡುಗರು ಹ್ಯಾಟಿಗೆ ಬದಲಾಗಿ ಪೇಟ ಧರಿಸಿದರು. ಹತ್ತು ವರ್ಷದ ಹುಡುಗನಿಗೆ ಪೇಟ ಸುತ್ತಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ದೇವರೇ ಬಲ್ಲ! ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಗೈಡುಗಳೂ ಸೇರಿದರು.

ಸಮವಸ್ತ್ರವು ದೇಶಕ್ಕೆ ತಕ್ಕಂತೆ ಬದಲಾಗಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಅದರ ಉದ್ದೇಶ ಮಾತ್ರ ಬದಲಾಗಿಲ್ಲ: ಯಾರ ಮಗ ಯಾರೆಂಬುದು ಅಂಗಿಯಿಂದ ಗೊತ್ತಾಗಬಾರದು. ಬೂದು ಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಷರಾಯಿ, ಕೊರಳಲ್ಲಿ ದಳದ ಸ್ಕಾರ್ಫು ತೊಟ್ಟು ನಿಂತಾಗ ಜಮೀನುದಾರರ ಮಗನೂ ಅದೇ ಜಮೀನಿನಲ್ಲಿ ತಂಬಾಕಿನ ಸೊಪ್ಪು ಮುರಿಯುವ ಕೂಲಿಯಾಳಿನ ಮಗನೂ ಒಂದೇ.

ಆದರೆ ಆ ಉಡುಪನ್ನು ಕೊಂಡು ತರಬೇಕಾದವರು ಯಾರು? ಇಲ್ಲಿಯೇ ತೊಡಕು. ಭೇದವನ್ನು ಮರೆಸಬೇಕಾದ ಬಟ್ಟೆ, ಕೊಳ್ಳಲಾರದವನನ್ನು ಬಾಗಿಲಲ್ಲಿಯೇ ತಡೆಯುವ ಗೋಡೆಯಾಗಿಬಿಡುತ್ತದೆ. "ಡ್ರೆಸ್ಸಿಲ್ಲ ಸಾರ್, ನಾನು ಬರಲ್ಲ" ಎನ್ನುವ ಹುಡುಗ ನಿಜವಾಗಿ ಹೇಳುವುದು ತನ್ನ ಮನೆಯ ಸ್ಥಿತಿಯನ್ನು. ಚಳುವಳಿಯ ನಿಯಮವೇ ನಮಗೆ ಅನುಕೂಲವಾಗಿದೆ. ಮಗು ಮೊದಲು 'ಪ್ರವೇಶ' ಹಂತದ ಪಾಠಗಳನ್ನು ಕಲಿಯಬೇಕು, ಅನಂತರ ಪ್ರತಿಜ್ಞೆ ಸ್ವೀಕರಿಸಬೇಕು. ಸದಸ್ಯತ್ವದ ಬ್ಯಾಡ್ಜು ಎದೆಗೇರುವುದು ಆಗಲೇ. ಆದುದರಿಂದ ಮೊದಲ ವಾರವೇ ದರ್ಜಿಯ ಅಂಗಡಿಗೆ ಓಡಬೇಕಾಗಿಲ್ಲ. ದಳಕ್ಕೊಂದು ಪೆಟ್ಟಿಗೆ ಇರಲಿ. ಬೆಳೆದ ಮಕ್ಕಳಿಗೆ ಚಿಕ್ಕದಾದ ಅಂಗಿಗಳನ್ನು ತಾಯಂದಿರು ಒಗೆದು, ಗುಂಡಿ ಹಾಕಿ, ಅದರಲ್ಲಿ ಇಡಲಿ. ಹೊಸದಾಗಿ ಹೊಲಿಸುವವರು ಒಳಗೆ ಮಡಿಕೆ ಬಿಟ್ಟು ಹೊಲಿಸಲಿ. ಪೆಟ್ಟಿಗೆಯಿಂದ ಯಾರು ಏನು ತೆಗೆದುಕೊಂಡರೆಂಬುದನ್ನು ಒಬ್ಬರೇ ತಿಳಿದಿರಲಿ. ಅದನ್ನು ಬಲಿಪೂಜೆಯ ನಂತರದ ಪ್ರಕಟಣೆಯಲ್ಲಿ ಓದುವುದು ಬೇಡ.

ಇನ್ನು ಹಿರಿಯರ ವಿಷಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕೂ ಕಡೆಗಳಲ್ಲಿ ಸ್ಕೌಟು ಎಂದರೆ ಶಾಲೆ, ಸ್ಕೌಟ್ ಮಾಸ್ಟರ್ ಎಂದರೆ ಮೇಷ್ಟರು ಎಂಬ ಭಾವನೆ ಬೇರೂರಿದೆ. ಮೇಷ್ಟರ ಋಣ ದೊಡ್ಡದು. ಅವರಿಲ್ಲದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಅವರಿಗೆ ವರ್ಗವಾದರೆ ದಳ ಮಲಗುತ್ತದೆ. ಧ್ವಜಸ್ತಂಭದ ಹಗ್ಗ ಕಪಾಟಿನಲ್ಲಿ ಉಳಿಯುತ್ತದೆ, ಅದಕ್ಕೆ ಗಂಟು ಹಾಕುವ ವಿದ್ಯೆ ಮೇಷ್ಟರೊಡನೆ ಬಸ್ಸು ಹತ್ತುತ್ತದೆ. ಶಾಲೆಗೆ ಸೇರದ ಮುಕ್ತ ದಳವನ್ನೂ ಕಟ್ಟಲು ಅವಕಾಶವಿದೆ. ನೂರು ವರ್ಷ ನಿಂತ ದೇವಾಲಯದ ನೆರಳಿನಲ್ಲಿ ಅಂಥದೊಂದು ದಳ ಏಕೆ ನಿಲ್ಲಬಾರದು?

ರೈತರ ಕಷ್ಟವನ್ನು ನಾನು ಮರೆತಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ರಾತ್ರಿಯೆಲ್ಲ ಉರಿ ಕಾಯಬೇಕು. ಅಂಥ ತಿಂಗಳಲ್ಲಿ ಶನಿವಾರ ಸಂಜೆ ಬನ್ನಿ ಎಂದರೆ ಯಾರು ಬಂದಾರು? ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ನಾಟಿಯ ಕಾಲವೂ ಹಾಗೆಯೇ. ಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ ಆನೆ ಹೊರಡುವ ಮುನ್ನ ಮಕ್ಕಳು ಮನೆ ಸೇರಬೇಕು. ಆದುದರಿಂದಲೇ ಒಬ್ಬರ ಹೆಗಲ ಮೇಲೆ ಹೊರಿಸದೆ ಮೂರು ನಾಲ್ಕು ಮಂದಿ ಸರದಿಯಲ್ಲಿ ನಿಲ್ಲಬೇಕು. ಗೈಡುಗಳ ದಳಕ್ಕೆ ಮಹಿಳೆಯರೇ ನಾಯಕಿಯರಾಗಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡಲಾಗದು. ಮಗುವಿನೊಡನೆ ಹಿರಿಯನೊಬ್ಬ ಏಕಾಂತದಲ್ಲಿ ಇರಬಾರದು. ಶಿಬಿರದಲ್ಲಿ ಕನಿಷ್ಠ ಇಬ್ಬರು ಹಿರಿಯರಿರಬೇಕು. ಸಮವಸ್ತ್ರ ತೊಟ್ಟವನೆಂಬ ಮಾತ್ರಕ್ಕೆ, ಚರ್ಚಿಗೆ ತಪ್ಪದೆ ಬರುವವನೆಂಬ ಮಾತ್ರಕ್ಕೆ ಯಾರ ಕೈಗೂ ಮಕ್ಕಳನ್ನು ಒಪ್ಪಿಸಬೇಡಿ, ವಿಚಾರಿಸಿ ಒಪ್ಪಿಸಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದವರು ದೂರು ಕೊಡಲೇಬೇಕು. ಮನೆತನದ ಮಾನ, ಊರಿನ ಮಾನ, ದೇವಾಲಯದ ಮಾನ ಎಂಬುದು ಅದಕ್ಕೆ ಅಡ್ಡ ಬರುವಂತಿಲ್ಲ.

ನಾಯಕರಾಗುವವರಿಗೂ ಕಲಿಕೆಯಿದೆ. 1919ರಲ್ಲಿ ಗಿಲ್ವೆಲ್‌ನಲ್ಲಿ ಆರಂಭವಾದ ವುಡ್ ಬ್ಯಾಡ್ಜ್ ತರಬೇತಿಯನ್ನು ನಮ್ಮ ದೇಶದಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಎನ್ನುತ್ತಾರೆ. ಮುಗಿಸಿದವರಿಗೆ ಸಿಗುವುದು ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು, ಅಷ್ಟೆ. ಸಂಬಳವಿಲ್ಲ, ತನ್ನ ಅಂಗಿಯನ್ನು ತಾನೇ ಹೊಲಿಸಿಕೊಳ್ಳಬೇಕು. ಆ ಅಂಗಿಯನ್ನು ತೊಟ್ಟೇ ಬರಬೇಕು. ಮಕ್ಕಳಿಗೆ ಸ್ಕಾರ್ಫು ಕಟ್ಟಿಸಿ ತಾವು ಪಂಚೆಯಲ್ಲಿ ಬಂದು ಪಡಸಾಲೆಯಿಂದ ಆಜ್ಞೆ ಕೊಡುವುದು ನನಗೆ ಸರಿತೋರದು.

ಇದು ನಮ್ಮ ಧರ್ಮಸಭೆಗೆ ಹೊರಗಿನದೆಂದು ಸಂಕೋಚಪಡುವವರಿಗೆ ಯೇಸುಸಭೆಯ ಫಾದರ್ ಜಾಕ್ ಸೆವಾಂ ಅವರನ್ನು ನೆನಪಿಸುತ್ತೇನೆ. ಈ ಚಳುವಳಿಯನ್ನು ಅನೇಕ ಕಥೋಲಿಕರು ಅನುಮಾನದಿಂದ ಕಾಣುತ್ತಿದ್ದಾಗ, ಅವರು 1913ರಲ್ಲಿ ಬೇಡನ್ ಪೊವೆಲ್ಲರನ್ನು ಕಂಡು ಮಾತನಾಡಿ, 1920ರಲ್ಲಿ ಫ್ರಾನ್ಸಿನ ಕಥೋಲಿಕ ಸ್ಕೌಟು ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದರು. 2012ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು.

ಜೂನ್ 13ರಂದು ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಸರ್ವಮತದವರೂ ಸೇರುವುದನ್ನು ತಾವೆಲ್ಲ ಕಂಡಿದ್ದೀರಿ. ಆ ನೂಕುನುಗ್ಗಲಿನಲ್ಲಿ ತಾಯಿಯ ಸೆರಗು ಕೈತಪ್ಪಿದ ಮಗುವಿಗೆ, ನೀರು ಎಲ್ಲಿದೆ ಎಂದು ತಿಳಿಯದ ಮುದುಕಿಗೆ, ಯಾರನ್ನು ಕೇಳಬೇಕೆಂಬುದು ಸ್ಕಾರ್ಫು ನೋಡಿಯೇ ಗೊತ್ತಾಗಬೇಕು. ಹಾಗೆ ನಿಲ್ಲುವ ಮಕ್ಕಳ ಹಿಂದೆ ನಾಲ್ಕು ಜನ ದೊಡ್ಡವರು ನಿಲ್ಲುವರೇ ಎಂಬುದಷ್ಟೇ ಈ ಸಂಜೆ ನಾನು ಕೇಳುವ ಪ್ರಶ್ನೆ. ಹೆಸರು ಬರೆಯಲು ದೇವಾಲಯದ ಬಾಗಿಲ ಬಳಿ ಒಂದು ಪುಸ್ತಕ ಇಡಲಾಗಿದೆ. ಲೇಖನಿಯೂ ಅಲ್ಲಿಯೇ ಇದೆ.